ಕಪ್ಪಾಫೈಕಸ್ ತರುವ ಮೊದಲು: ಕಾರವಾರದ ಕೆಂಪು ಪಾಚಿಗಳನ್ನು ಗುರುತಿಸುವುದು ಹೇಗೆ?

ಕಡಲಕಳೆ ಕೃಷಿಯ ಮಾತು ಈಗ ನಮ್ಮ ಕರಾವಳಿಯಲ್ಲೂ ಕೇಳಿಬರುತ್ತಿದೆ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕೇಂದ್ರ ಸರ್ಕಾರ ಕಡಲಕಳೆಗೆಂದೇ 640 ಕೋಟಿ ರೂಪಾಯಿ ಎತ್ತಿಟ್ಟಿತು. 2025ರೊಳಗೆ ದೇಶದ ಉತ್ಪಾದನೆ 11 ಲಕ್ಷ ಟನ್ ದಾಟಬೇಕು ಎಂಬ ಗುರಿ ಇತ್ತು. 2024ರ ಅಕ್ಟೋಬರ್‌ನಲ್ಲಿ ಹೊರದೇಶಗಳಿಂದ ಜೀವಂತ ಕಡಲಕಳೆ ತರಿಸಿಕೊಳ್ಳಲು ಮಾರ್ಗಸೂಚಿಯೂ ಹೊರಬಿತ್ತು. ಮೀನಿನ ಬರ ಕಾಡುತ್ತಿರುವ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮೀನುಗಾರ ಕುಟುಂಬಗಳಿಗೆ ಇದು ಇನ್ನೊಂದು ದುಡಿಮೆಯ ದಾರಿ ಆಗಬಹುದು. ಆಗಲಿ ಅನ್ನುವುದೇ ನನ್ನ ಆಸೆ ಕೂಡ.

ಆದರೆ ತೆಪ್ಪ ಎಷ್ಟು ದೊಡ್ಡದಿರಬೇಕು, ಹಗ್ಗ ಎಷ್ಟು ಉದ್ದ, ಸಬ್ಸಿಡಿ ಎಷ್ಟು ಅನ್ನುವ ಲೆಕ್ಕಕ್ಕೆ ಮೊದಲು ಒಂದು ಪ್ರಶ್ನೆ ಇತ್ಯರ್ಥ ಆಗಬೇಕು. ಬೆಳೆಸುವುದು ಯಾವ ಗಿಡ? ಈಗಾಗಲೇ ನಮ್ಮ ಬಂಡೆಗಳ ಮೇಲೆ ಇರುವುದು ಯಾವ ಗಿಡ? ಭಾರತದಲ್ಲಿ ಕೃಷಿಗೆ ಹೆಚ್ಚಾಗಿ ಬಳಕೆಯಾಗುವುದು ಕೆಂಪು ಪಾಚಿಗಳು. ಹೊರಗಿನಿಂದ ಬಂದ ಕಪ್ಪಾಫೈಕಸ್ ಅವುಗಳಲ್ಲಿ ಒಂದು. ಈ ಗುಂಪಿನ ಗಿಡಗಳನ್ನು ಬಣ್ಣ ನೋಡಿ ಹೇಳಲು ಬರುವುದಿಲ್ಲ. ಆಕಾರ ನೋಡಿದರೆ ಅರ್ಧ ಗೊತ್ತಾಗುತ್ತದೆ. ಪೂರ್ತಿ ಗೊತ್ತಾಗಬೇಕಾದರೆ ಅದು ಹೇಗೆ ಸಂತಾನ ಬೆಳೆಸುತ್ತದೆ ಅನ್ನುವುದನ್ನು ನೋಡಬೇಕು. ಗುರುತು ತಪ್ಪಿದರೆ ನಷ್ಟ ಪುಸ್ತಕದಲ್ಲಿ ಉಳಿಯುವುದಿಲ್ಲ, ಬೆಳೆಗಾರನ ಜೇಬಿಗೂ ಸಮುದ್ರಕ್ಕೂ ತಟ್ಟುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಆಗ ಬೈತಖೋಲ, ತಿಳಮಾತಿ, ಗೋಕರ್ಣದ ಓಂ ಬೀಚ್‌ ಬದಿಯ ಬಂಡೆಗಳ ಕೆಳಭಾಗ ಬಯಲಾಗುತ್ತದೆ. ನೀಲಿಕಲ್ಲು ಎಂಬ ಚಿಪ್ಪುಜೀವಿ ಕೀಳುವವರು ಹೋಗುವ ಹೊತ್ತೂ ಅದೇ. ನಮ್ಮ ಕರಾವಳಿಯ ಇಂಥ ಬಂಡೆಗಳಲ್ಲಿ ಗ್ರಾಸಿಲೇರಿಯಾ ಕಾರ್ಟಿಕೇಟಾ, ಹಿಪ್ನಿಯಾ, ಅಕ್ಯಾಂತೋಫೋರಾ, ಸೆಂಟ್ರೋಸೆರಾಸ್, ಗ್ರಟೆಲೂಪಿಯಾ ಮುಂತಾದವು ಬೆಳೆಯುತ್ತವೆ. ಎಲ್ಲವೂ ಕೆಂಪು ಪಾಚಿಗಳೇ. ಆದರೆ ಬಂಡೆಯ ಮೇಲೆ ನಿಂತು ನೋಡಿದರೆ ಕೆಂಪು ಬಣ್ಣ ಕಾಣುವುದು ಕಡಿಮೆ. ಒಂದು ಕಡು ನೇರಳೆ, ಇನ್ನೊಂದು ಕಂದು, ಮತ್ತೊಂದು ಹಳದಿ ತಿರುಗಿದ ಹಸಿರು. ಒಂದೇ ಗಿಡದ ಬುಡ ಕೆಂಪಗಿದ್ದು ತುದಿ ಬಿಳಿಚಿಕೊಂಡಿರುವುದೂ ಉಂಟು.

ಕಾರಣ ಸರಳ. ಈ ಪಾಚಿಗಳಲ್ಲಿ ಪತ್ರಹರಿತ್ತಿನ ಜೊತೆ ಫೈಕೋಎರಿತ್ರಿನ್ ಎಂಬ ಕೆಂಪು ವರ್ಣಕ ಇರುತ್ತದೆ. ನೀರಿನ ಆಳಕ್ಕೆ ಇಳಿಯುವ ನೀಲಿ-ಹಸಿರು ಬೆಳಕನ್ನು ಹಿಡಿಯುವುದು ಅದರ ಕೆಲಸ. ಬಹಾಮಾಸ್ ಬಳಿ 268 ಮೀಟರ್ ಆಳದಲ್ಲೂ ಕೆಂಪು ಪಾಚಿ ಸಿಕ್ಕಿದೆ ಅಂದರೆ ಈ ವರ್ಣಕದ ಶಕ್ತಿ ಎಂಥದ್ದು ನೋಡಿ. ಆದರೆ ಮೇಲೆ, ಸುಡುಬಿಸಿಲಿನಲ್ಲಿ, ಅದೇ ವರ್ಣಕ ಕರಗಿ ಬಣ್ಣ ಬದಲಾಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಾಮೂರೂ, ಆಮೇಲೆ ಐರ್ಲೆಂಡಿನ ವಿಲಿಯಂ ಹಾರ್ವೆ ಕಡಲ ಪಾಚಿಗಳನ್ನು ಬಣ್ಣದ ಮೇಲೆ ವಿಂಗಡಿಸಿದರು. ಹಸಿರು, ಕಂದು, ಕೆಂಪು ಎಂಬ ದೊಡ್ಡ ವಿಭಾಗ ಇಂದಿಗೂ ನಿಂತಿದೆ. ಆದರೆ ಕೆಂಪಿನ ಒಳಗೇ 7,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅಲ್ಲಿ ಬಣ್ಣ ಯಾವ ಸಹಾಯವನ್ನೂ ಮಾಡುವುದಿಲ್ಲ. ಸುಣ್ಣದಂತೆ ಗಟ್ಟಿಯಾದ ಕೊರಲೈನ್ ಪಾಚಿಗಳನ್ನು ಲಿನೇಯಸ್‌ ಪ್ರಾಣಿಗಳ ಸಾಲಿಗೇ ಸೇರಿಸಿದ್ದರು. ಅಷ್ಟು ದೊಡ್ಡ ವಿಜ್ಞಾನಿಯನ್ನೂ ಹೊರನೋಟ ದಾರಿ ತಪ್ಪಿಸಿತು.

ಬ್ಲೇಡಿನಿಂದ ಕೊಯ್ದು ನೋಡಿದರೆ

ಹಾಗಾದರೆ ಒಳರಚನೆ ನೋಡೋಣ. ಬಂಡೆಯಿಂದ ಗ್ರಾಸಿಲೇರಿಯಾದ ಒಂದು ತುಂಡು, ಹಿಪ್ನಿಯಾದ ಒಂದು ತುಂಡು ತನ್ನಿ. ಕೈಗೆ ಗ್ರಾಸಿಲೇರಿಯಾ ಕಾರ್ಟಿಕೇಟಾ ಚಪ್ಪಟೆ, ಬಿರುಸು. ಎರಡೆರಡಾಗಿ ಕವಲೊಡೆಯುತ್ತಾ ಹೋಗುತ್ತದೆ. ಹಿಪ್ನಿಯಾ ದುಂಡು, ತೆಳು. ಮೈತುಂಬ ಮುಳ್ಳಿನಂಥ ಕಿರುಕವಲು, ಹಿಪ್ನಿಯಾ ಮಸ್ಸಿಫಾರ್ಮಿಸ್ ಆದರೆ ತುದಿಯಲ್ಲಿ ಕೊಕ್ಕೆ. ಹಸಿಯಾಗಿದ್ದಾಗ ಇಷ್ಟು ವ್ಯತ್ಯಾಸ ಕಾಣುತ್ತದೆ. ಆದರೆ ಗ್ರಾಸಿಲೇರಿಯಾದಲ್ಲೂ ದುಂಡನೆಯ ಪ್ರಭೇದಗಳಿವೆ. ಒಣಗಿಸಿ ಚೀಲಕ್ಕೆ ತುಂಬಿದ ಮೇಲಂತೂ ಎಲ್ಲವೂ ಒಂದೇ ಕಂದು ಗೋಜಲು.

ಎರಡನ್ನೂ ಅಡ್ಡಡ್ಡಲಾಗಿ, ಆದಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡಿ. ಗ್ರಾಸಿಲೇರಿಯಾದಲ್ಲಿ ನಡುವೆ ದೊಡ್ಡ ದೊಡ್ಡ ಬಣ್ಣವಿಲ್ಲದ ಕೋಶಗಳು, ಹೊರಗೆ ಹೋದಂತೆ ಸಣ್ಣವಾಗುತ್ತಾ ಅಂಚಿನಲ್ಲಿ ಬಣ್ಣದ ಪುಟ್ಟ ಕೋಶಗಳ ಸಾಲು. ನಟ್ಟನಡುವೆ ಇದೇ ಕೇಂದ್ರ ಎಂದು ತೋರಿಸಬಹುದಾದ ಕೋಶ ಯಾವುದೂ ಕಾಣುವುದಿಲ್ಲ. ಹಿಪ್ನಿಯಾದಲ್ಲಿ ಹಾಗಲ್ಲ. ನಡುಮಧ್ಯದಲ್ಲಿ ಒಂದು ಸಣ್ಣ ಕೋಶ, ಅದರ ಸುತ್ತ ದೊಡ್ಡ ಕೋಶಗಳ ಬಳೆ. ಇಡೀ ಗಿಡ ಒಂದೇ ಎಳೆಯ ಸುತ್ತ ಕಟ್ಟಿಕೊಂಡಿದೆ ಅನ್ನುವುದಕ್ಕೆ ಆ ಸಣ್ಣ ಕೋಶ ಸಾಕ್ಷಿ. ಕೆಂಪು ಪಾಚಿಗಳ ರಚನೆಯಲ್ಲಿ ಇದು ಮೊದಲ ದೊಡ್ಡ ಭೇದ. ಕೆಲವು ಒಂದೇ ನಡು ಎಳೆಯಿಂದ ಬೆಳೆಯುತ್ತವೆ, ಕೆಲವು ಹಲವು ಎಳೆಗಳು ಕೂಡಿ ಬೆಳೆಯುತ್ತವೆ. ಹೊರಗಿನಿಂದ ಎಲೆಯ ಹಾಗೆ ಕಾಣಲಿ, ಹುಲ್ಲಿನ ಹಾಗೆ ಕಾಣಲಿ, ಈ ಗುಂಪಿನ ಬಹುಪಾಲು ಗಿಡಗಳು ಒಳಗೆ ಎಳೆಗಳ ಹೆಣಿಗೆಯೇ. ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ನಡುವಿನ ರಂಧ್ರವನ್ನು ಒಂದು ಬಿರಡೆ ಮುಚ್ಚಿರುತ್ತದೆ. ಆ ಬಿರಡೆಯ ಮೇಲೆ ಪದರ ಎಷ್ಟು, ಮುಚ್ಚಳ ಹೇಗಿದೆ ಅನ್ನುವುದನ್ನೂ 1980ರ ದಶಕದಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಗಣಗಳನ್ನು, ಅಂದರೆ ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪುಗಳನ್ನು, ಬೇರ್ಪಡಿಸುತ್ತಾ ಬಂದಿದ್ದಾರೆ.

ಇಷ್ಟು ನೋಡಿದರೆ ಸಾಕಲ್ವಾ? ಸಾಲದು. ಒಂದೇ ರಚನೆ ಬೇರೆ ಬೇರೆ ಮನೆತನಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿಕೊಂಡಿದೆ. ಅಲೆ ಹೊಡೆಯುವ ಬಂಡೆಯ ಮೇಲೆ ಬದುಕಬೇಕಾದರೆ ಬಗ್ಗುವ, ಜಾರುವ, ಕವಲೊಡೆದ ಮೈ ಅನುಕೂಲ. ಹಾಗಾಗಿ ಸಂಬಂಧವೇ ಇಲ್ಲದ ಗಿಡಗಳು ಒಂದೇ ರೂಪಕ್ಕೆ ಬಂದು ನಿಂತಿವೆ. ಅದೇ ಗಿಡ ಅಲೆ ಕಡಿಮೆ ಇರುವ ಅಳಿವೆಯ ಬಾಯಿಯಲ್ಲಿ ಬೆಳೆದರೆ ಉದ್ದ, ತೆಳು. ಬಯಲು ಬಂಡೆಯಲ್ಲಿ ಗಿಡ್ಡ, ದಪ್ಪ. ರೂಪ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಸಂತಾನದ ಕ್ರಮ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಬಾಲವಿಲ್ಲದ ಗಂಡು ಕಣ

ಕೆಂಪು ಪಾಚಿಗಳಿಗೆ ಒಂದು ವಿಚಿತ್ರ ಕೊರತೆ ಇದೆ. ಇವುಗಳ ಗಂಡು ಕಣಕ್ಕೆ ಬಾಲ ಇಲ್ಲ, ಈಜಲು ಬರುವುದಿಲ್ಲ. ಗಂಡು ಮಾತ್ರವಲ್ಲ, ಇವುಗಳ ಬದುಕಿನ ಯಾವ ಹಂತದಲ್ಲೂ ಈಜುವ ಕೋಶವೇ ಇಲ್ಲ. ನೀರು ಎಲ್ಲಿಗೆ ಒಯ್ದರೆ ಅಲ್ಲಿಗೆ. ಹೆಣ್ಣು ಕೋಶ ಕೂದಲಿನಂಥ ಒಂದು ಎಳೆಯನ್ನು ಹೊರಚಾಚಿ ಕಾಯುತ್ತದೆ. ಗಂಡು ಕಣ ಬಂದು ಅದಕ್ಕೆ ಅಂಟಿಕೊಳ್ಳಬೇಕು. ಫ್ರಾನ್ಸಿನ ತೀರದ ಗ್ರಾಸಿಲೇರಿಯಾ ಗ್ರಾಸಿಲಿಸ್‌ ಮೇಲೆ ಓಡಾಡುವ ಪುಟ್ಟ ಕಡಲಜೀವಿಯೊಂದು ಈ ಗಂಡು ಕಣಗಳನ್ನು ಮೈಗೆ ಅಂಟಿಸಿಕೊಂಡು ಹೆಣ್ಣಿಗೆ ತಲುಪಿಸುತ್ತದೆ ಎಂದು 2022ರಲ್ಲಿ ಗೊತ್ತಾಯಿತು. ಹೂವಿಗೆ ಜೇನು ಮಾಡುವ ಕೆಲಸ ಸಮುದ್ರದಲ್ಲೂ ನಡೆಯುತ್ತದೆ ಎಂಬುದು ನನಗಂತೂ ಇತ್ತೀಚಿನ ಅತ್ಯಂತ ಖುಷಿಯ ಸುದ್ದಿ.

ಹೀಗೆ ಮಿಲನವೇ ಅಪರೂಪ ಆದ್ದರಿಂದ, ಆದ ಒಂದೊಂದು ಮಿಲನದಿಂದಲೂ ಸಾಧ್ಯವಾದಷ್ಟು ಸಂತಾನ ತೆಗೆಯುವ ದಾರಿಯನ್ನು ಇವು ಕಂಡುಕೊಂಡಿವೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಫಲಗೊಂಡ ಕೋಶ ನೇರವಾಗಿ ಹೊಸ ಗಿಡ ಆಗುವುದಿಲ್ಲ. ಹೆಣ್ಣು ಗಿಡದ ಮೈಮೇಲೆಯೇ ಅದು ಒಂದು ಪುಟ್ಟ ಬೇರೆ ಜೀವವಾಗಿ ಬೆಳೆಯುತ್ತದೆ. ತಾಯಿಯ ಆಹಾರ ಉಂಡು ರಾಶಿ ಬೀಜಕಗಳನ್ನು ಬಿಡುತ್ತದೆ. ಆ ಬೀಜಕದಿಂದ ಹುಟ್ಟುವ ಗಿಡ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದು ನಾಲ್ಕು ನಾಲ್ಕರ ಗುಂಪಿನಲ್ಲಿ ಇನ್ನೊಂದು ಬಗೆಯ ಬೀಜಕ ಕೊಡುತ್ತದೆ. ಅವುಗಳಿಂದ ಮತ್ತೆ ಗಂಡು, ಹೆಣ್ಣು ಗಿಡಗಳು. ಅಂದರೆ ಒಂದು ಸುತ್ತಿಗೆ ಮೂರು ತಲೆಮಾರು.

ಗ್ರಾಸಿಲೇರಿಯಾದಲ್ಲಿ ಗಂಡು, ಹೆಣ್ಣು, ನಾಲ್ಕು ಬೀಜಕದ ಗಿಡ ಮೂರೂ ಒಂದೇ ರೂಪ. ಬರಿಗಣ್ಣಿಗೆ ಸುಲಭವಾಗಿ ಗೊತ್ತಾಗುವುದು ಫಲಗೊಂಡ ಹೆಣ್ಣು ಮಾತ್ರ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಅದರ ಮೈಮೇಲೆ ಒಂದು ಮಿಲಿಮೀಟರಿನ ಆಸುಪಾಸಿನ ದುಂಡು ಗುಬ್ಬಿಗಳು ಕಾಣುತ್ತವೆ. ಬೆರಳಾಡಿಸಿದರೆ ತರಿತರಿ. ಈ ಗುಬ್ಬಿಯ ಹೆಸರು ಸಿಸ್ಟೋಕಾರ್ಪ್. ನೆತ್ತಿಯಲ್ಲಿ ಒಂದು ಸಣ್ಣ ತೂತು, ಬೀಜಕ ಹೊರಬೀಳುವ ಬಾಗಿಲು. ನಡುವೆ ಸರಿಯಾಗಿ ಕೊಯ್ದರೆ ಒಳಗೆ ಗುಮ್ಮಟದ ಗೋಡೆ, ಅದರ ಕೆಳಗೆ ಬೀಜಕಗಳ ಸಾಲುಗಳು, ಬುಡದಲ್ಲಿ ಹಲವು ಕೋಶಗಳು ಬೆರೆತು ಆದ ಒಂದು ದೊಡ್ಡ ಕೋಶ. ಗಿಡದ ಜಾತಕ ಇರುವುದು ಇಲ್ಲಿ.

ಇದನ್ನು ಮೊದಲು ಓದಲು ಕಲಿಸಿದವರು ಜರ್ಮನಿಯ ಫ್ರೀಡ್ರಿಶ್ ಶ್ಮಿಟ್ಸ್. 1880ರ ದಶಕದಲ್ಲಿ ಅವರು ಕೆಂಪು ಪಾಚಿಗಳಲ್ಲಿ ಫಲಗೊಂಡ ಮೇಲೆ ಏನಾಗುತ್ತದೆ ಎಂಬುದನ್ನು ಹಿಂಬಾಲಿಸಿದರು. ಸ್ವೀಡನ್ನಿನ ಹರಾಲ್ಡ್ ಕ್ಯೂಲಿನ್ ಅದನ್ನೇ ಮುಂದುವರಿಸಿ ಇಡೀ ಗುಂಪಿಗೆ ಒಂದು ಚೌಕಟ್ಟು ಕೊಟ್ಟರು. ಅನೇಕ ಪಾಚಿಗಳಲ್ಲಿ ಫಲಗೊಂಡ ಕೋಶ ತನ್ನ ಕೇಂದ್ರಕವನ್ನು ಇನ್ನೊಂದು ಕೋಶಕ್ಕೆ ದಾಟಿಸುತ್ತದೆ. ಈ ಸಹಾಯಕ ಕೋಶದಿಂದಲೇ ಮುಂದಿನ ಪೀಳಿಗೆ ಮೊಳೆಯುತ್ತದೆ. ಕ್ಯೂಲಿನ್ ಕೇಳಿದ ಪ್ರಶ್ನೆ ಇದು: ಆ ಸಹಾಯಕ ಕೋಶ ಇರುವುದೆಲ್ಲಿ? ಹುಟ್ಟುವುದು ಮಿಲನಕ್ಕೆ ಮೊದಲೋ, ಆಮೇಲೋ? ಅಕ್ಯಾಂತೋಫೋರಾ, ಸೆಂಟ್ರೋಸೆರಾಸ್‌ ಸೇರಿದ ಸೆರಾಮಿಯೇಲ್ಸ್ ಗಣದಲ್ಲಿ ಅದು ಮಿಲನ ಆದ ಮೇಲಷ್ಟೇ ಹುಟ್ಟುತ್ತದೆ. ಬೇರೆ ಕೆಲವು ಗಣಗಳಲ್ಲಿ ಮೊದಲೇ ಸಿದ್ಧವಾಗಿ ಕಾಯುತ್ತಿರುತ್ತದೆ. ಬರಿಗಣ್ಣಿಗೆ ಕಾಣದ ಈ ಒಂದು ಕೋಶದ ಮೇಲೆ ದೊಡ್ಡ ದೊಡ್ಡ ಗಣಗಳನ್ನು ನಿಲ್ಲಿಸಿದರು. ಅತಿಯಾಯಿತು ಅನ್ನಿಸಬಹುದು. ಆದರೆ ಡಿಎನ್‌ಎ ಬಂದ ಮೇಲೆ ಗಣಗಳ ಸಂಖ್ಯೆ ಹೆಚ್ಚಿತು, ಗಡಿಗಳು ಸರಿದವು, ಸೆರಾಮಿಯೇಲ್ಸ್‌ನಂಥ ಮುಖ್ಯ ಗುಂಪು ಮಾತ್ರ ಗಟ್ಟಿಯಾಗಿ ನಿಂತಿತು.

ನಮ್ಮ ಎರಡು ತುಂಡುಗಳಿಗೆ ಮರಳೋಣ. ಬಹಳ ಕಾಲ ಗ್ರಾಸಿಲೇರಿಯಾ, ಹಿಪ್ನಿಯಾ ಎರಡನ್ನೂ ಜೈಗಾರ್ಟಿನೇಲ್ಸ್ ಎಂಬ ಒಂದೇ ಗಣದಲ್ಲಿ ಇಟ್ಟಿದ್ದರು. 1989ರಲ್ಲಿ ಸುಝಾನ್ ಫ್ರೆಡೆರಿಕ್ ಮತ್ತು ಮ್ಯಾಕ್ಸ್ ಹೊಮ್ಮರ್‌ಸ್ಯಾಂಡ್ ಗ್ರಾಸಿಲೇರಿಯಾದ ಸಿಸ್ಟೋಕಾರ್ಪ್ ಬೆಳೆಯುವುದನ್ನು ಹಂತಹಂತವಾಗಿ ನೋಡಿದರು. ಅಲ್ಲಿ ಸಹಾಯಕ ಕೋಶವೇ ಇಲ್ಲ. ಫಲಗೊಂಡ ಕೋಶ ಅಕ್ಕಪಕ್ಕದ ಕೋಶಗಳನ್ನು ತನ್ನೊಳಗೆ ಸೇರಿಸಿಕೊಂಡು ದೊಡ್ಡದಾಗುತ್ತದೆ ಅಷ್ಟೇ. ಆದ್ದರಿಂದ ಅದಕ್ಕೆ ಗ್ರಾಸಿಲೇರಿಯೇಲ್ಸ್ ಎಂಬ ಬೇರೆ ಗಣವನ್ನೇ ಮಾಡಿದರು. ಹಿಪ್ನಿಯಾ ಹಳೆಯ ಗಣದಲ್ಲೇ ಉಳಿಯಿತು. ಕೃಷಿಯ ಕಪ್ಪಾಫೈಕಸ್ ಇರುವುದೂ ಅದೇ ಗಣದಲ್ಲಿ.

ಇದರಿಂದ ಬೆಳೆಗಾರನಿಗೆ ಏನು? ಗ್ರಾಸಿಲೇರಿಯಾ ಕೊಡುವುದು ಅಗರ್. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಪದಾರ್ಥ. ಹಿಪ್ನಿಯಾ, ಕಪ್ಪಾಫೈಕಸ್ ಕೊಡುವುದು ಕ್ಯಾರಗೀನನ್. ಐಸ್‌ಕ್ರೀಮಿಗೆ, ಟೂತ್‌ಪೇಸ್ಟಿಗೆ ಹೋಗುವಂಥದ್ದು. ಎರಡನ್ನೂ ತೆಗೆಯುವ ವಿಧಾನ ಬೇರೆ, ಕೊಳ್ಳುವ ಕಾರ್ಖಾನೆ ಬೇರೆ, ದರ ಬೇರೆ. ಕಪ್ಪಾ ಬಗೆಯ ಕ್ಯಾರಗೀನನ್ ಗಟ್ಟಿಯಾಗಿ ಹೆಪ್ಪುಗಟ್ಟಲು ಪೊಟ್ಯಾಸಿಯಂ ಬೇಕು, ಅಗರ್‌ಗೆ ಬೇಡ. ಬಂಡೆಯಿಂದ ಸುಮ್ನೆ ಬಾಚಿ ತಂದು ಒಟ್ಟಿಗೆ ಒಣಗಿಸಿದ ಸರಕು ಎರಡೂ ಕಡೆ ತಿರಸ್ಕಾರ ಆಗುತ್ತದೆ. ಮಿಲನದ ನಂತರದ ಒಂದು ಕೋಶವನ್ನು ನೋಡಿ ಮಾಡಿದ ವಿಂಗಡಣೆ ಮಾರುಕಟ್ಟೆಯ ವಿಂಗಡಣೆಗೆ ಇಲ್ಲಿ ಸರಿಯಾಗಿ ಹೊಂದಿಕೊಂಡಿತು.

ಹೆಣ್ಣು ಗಿಡ ಸಿಗದಿದ್ದರೆ ನಾಲ್ಕು ಬೀಜಕದ ಗಿಡವೂ ನೆರವಿಗೆ ಬರುತ್ತದೆ. ಒಂದು ಕೋಶ ನಾಲ್ಕಾಗಿ ಒಡೆಯುವ ರೀತಿ ಗುಂಪಿನಿಂದ ಗುಂಪಿಗೆ ಬೇರೆ. ಗ್ರಾಸಿಲೇರಿಯಾದಲ್ಲಿ ಅಡ್ಡ ಉದ್ದ ಸೀಳಿದ ಹಾಗೆ. ಹಿಪ್ನಿಯಾದಲ್ಲಿ ನಾಲ್ಕೂ ಒಂದರ ಮೇಲೊಂದು ಸಾಲಾಗಿ. ಅಕ್ಯಾಂತೋಫೋರಾದಲ್ಲಿ ಮೂರು ಮುಂದೆ ಕಂಡು ನಾಲ್ಕನೆಯದು ಹಿಂದೆ ಅಡಗಿರುತ್ತದೆ.

ಮಳೆಗಾಲದಲ್ಲಷ್ಟೇ ಕಾಣುವ ಗಿಡ

ರೂಪವನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬಂಡೆಗಳಲ್ಲೇ ಒಳ್ಳೆಯ ಉದಾಹರಣೆ ಇದೆ. ಕೊಂಕಣದಿಂದ ಕಾರವಾರದವರೆಗಿನ ತೀರದಲ್ಲಿ ಮಳೆಗಾಲ ಹಿಡಿದ ಮೇಲೆ ಬಂಡೆಗಳ ಮೇಲ್ಭಾಗದಲ್ಲಿ ತೆಳು ಹಾಳೆಯಂಥ ಒಂದು ಪಾಚಿ ಹಬ್ಬುತ್ತದೆ. ಒಂದೇ ಕೋಶದಷ್ಟು ದಪ್ಪ. ಪೋರ್ಫೈರಾ ವಿಯೆಟ್ನಾಮೆನ್ಸಿಸ್ ಎಂದು ಹೆಸರು. ಜಪಾನಿನವರು ಅನ್ನ ಸುತ್ತಿ ತಿನ್ನುವ ನೋರಿಯ ಹತ್ತಿರದ ನೆಂಟ. ಮಳೆ ಮುಗಿದು ಬಿಸಿಲು ಬಂದರೆ ಮಾಯ. ಹಾಗಾದರೆ ಉಳಿದ ತಿಂಗಳು ಎಲ್ಲಿರುತ್ತದೆ?

ಇದೇ ಪ್ರಶ್ನೆ ಜಪಾನಿನ ನೋರಿ ಬೆಳೆಗಾರರನ್ನೂ ಕಾಡಿತ್ತು. ಬೀಜ ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲದೆ ಅದೃಷ್ಟ ನಂಬಿ ಬೆಳೆಯುತ್ತಿದ್ದರು. 1949ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್ ಉತ್ತರ ಕಂಡುಹಿಡಿದರು. ಚಿಪ್ಪುಗಳ ಒಳಗೆ ಕೊರೆದುಕೊಂಡು ಬದುಕುವ, ಕಾಂಕೋಸೆಲಿಸ್ ಎಂಬ ಬೇರೆಯೇ ಹೆಸರಿನ ಗುಲಾಬಿ ಎಳೆ ಇತ್ತು. ಅದು ಪೋರ್ಫೈರಾದ ಇನ್ನೊಂದು ಅವತಾರ. ಒಂದು ಹಾಳೆ, ಇನ್ನೊಂದು ಚಿಪ್ಪಿನೊಳಗಿನ ಕಲೆ. ರಚನೆ ನೋಡಿದರೆ ಯಾರೂ ಒಂದೇ ಎನ್ನುವುದಿಲ್ಲ. ಜಪಾನಿನ ಇಡೀ ನೋರಿ ಉದ್ಯಮ ಈ ಒಂದು ಅರಿವಿನ ಮೇಲೆ ನಿಂತಿತು. ಉತೋ ಎಂಬ ಊರಿನಲ್ಲಿ ಆಕೆಯ ಸ್ಮಾರಕ ಇದೆ, ಪ್ರತಿವರ್ಷ ಏಪ್ರಿಲ್ 14ರಂದು ಅಲ್ಲಿ ಆಕೆಯನ್ನು ನೆನೆಯುತ್ತಾರೆ. ದನಗಳ ಹೊಟ್ಟೆಯ ಮೀಥೇನ್ ಕಡಿಮೆ ಮಾಡುತ್ತದೆಂದು ಈಗ ಸುದ್ದಿಯಲ್ಲಿರುವ ಆಸ್ಪರಾಗಾಪ್ಸಿಸ್‌ನ ಕಥೆಯೂ ಹೀಗೆಯೇ. ಅದರ ಒಂದು ತಲೆಮಾರು ಹತ್ತಿಯುಂಡೆಯ ಹಾಗಿದ್ದು, 1939ರವರೆಗೆ ಬೇರೆ ಕುಲದ ಹೆಸರಿನಲ್ಲೇ ಇತ್ತು.

ನಮ್ಮ ಪೋರ್ಫೈರಾದ ಹೆಸರು 2011ರಲ್ಲಿ ಪೈರೋಪಿಯಾ ಆಯಿತು, 2020ರಲ್ಲಿ ಫೈಕೋಕ್ಯಾಲಿಡಿಯಾ ಆಯಿತು. ಡಿಎನ್‌ಎ ನೋಡಿ ಮಾಡಿದ ಬದಲಾವಣೆ ಇದು. ಹೆಸರು ಬದಲಾಗಲಿ, ಅದು ದೊಡ್ಡ ಸಮಸ್ಯೆಯಲ್ಲ. ಸಮಸ್ಯೆ ಇರುವುದು ಬೇರೆ ಕಡೆ. ಮಳೆಗಾಲದಲ್ಲಿ ಬಂಡೆ ಹತ್ತುವುದು ಅಪಾಯ. ಅಲೆ ಜೋರು, ಜಾರು. ಹಾಗಾಗಿ ಸಮೀಕ್ಷೆ ಎಂದರೆ ಅಕ್ಟೋಬರ್‌ನಿಂದ ಮೇ ಎಂದು ಅಂದುಕೊಂಡುಬಿಡುವುದು ಸುಲಭ. ಆಗ ಈ ಗಿಡ ಪಟ್ಟಿಯಲ್ಲಿ ಬರುವುದೇ ಇಲ್ಲ. ಅಂಕೋಲಾದ ಕೇಣಿ, ಹೊನ್ನಾವರದ ಕಾಸರಕೋಡ ಬಂದರು ಯೋಜನೆಗಳ ಬಗ್ಗೆ ಮೀನುಗಾರರು ಹೋರಾಡುತ್ತಿರುವ ಈ ಕಾಲದಲ್ಲಿ, ತೀರದಲ್ಲಿ ಏನಿತ್ತು ಎಂಬ ದಾಖಲೆ ಅರ್ಧ ವರ್ಷದ್ದಾಗಿದ್ದರೆ ಕಳೆದುಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೀಜ ತರುವವರಿಗೆ ಕೇಳಬೇಕಾದದ್ದು

ಈಗ ಕಪ್ಪಾಫೈಕಸ್ ವಿಷಯ. ಇದು ನಮ್ಮ ಗಿಡ ಅಲ್ಲ. 1980ರ ದಶಕದಲ್ಲಿ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯ ಮೂಲಕ ಭಾರತಕ್ಕೆ ಬಂತು. ಮುಂದೆ ತಮಿಳುನಾಡಿನ ಮಂಡಪಂ ಸುತ್ತ ಬೆಳೆಯಿತು. ಬಿದಿರಿನ ತೆಪ್ಪಕ್ಕೆ ತುಂಡುಗಳನ್ನು ಕಟ್ಟಿ ಬಿಟ್ಟರೆ ಸುಮಾರು 45 ದಿನಕ್ಕೆ ಕೊಯ್ಲು. ಕೊಯ್ದದ್ದರಲ್ಲೇ ಒಂದು ಪಾಲನ್ನು ಮತ್ತೆ ತುಂಡು ಮಾಡಿ ಕಟ್ಟುವುದು. ಬೆಳೆಗಾರರು ಬೀಜ ಅನ್ನುವುದು ಈ ತುಂಡನ್ನೇ. ಹೀಗೆ ದಶಕಗಟ್ಟಲೆ ಒಂದೇ ಗಿಡದ ತುಂಡುಗಳೇ ಓಡಾಡಿವೆ. 2013ರ ಹೊತ್ತಿಗೆ ನೀರು ಬಿಸಿಯಾದಾಗ ಅಲ್ಲಿ ಬೆಳೆ ಸಾಮೂಹಿಕವಾಗಿ ಸತ್ತಿತು. ಎಲ್ಲವೂ ಒಂದೇ ರಕ್ತವಾದರೆ ಒಂದು ಕಷ್ಟ ಎಲ್ಲವನ್ನೂ ಹೊಡೆಯುತ್ತದೆ.

ಗುರುತಿನ ದೃಷ್ಟಿಯಿಂದ ಇಲ್ಲಿ ಒಂದು ತೊಡಕು ಹುಟ್ಟುತ್ತದೆ. ಕೃಷಿಯ ಗಿಡ ತುಂಡಿನಿಂದ ತುಂಡಾಗಿ ಬೆಳೆಯುವುದರಿಂದ ಅದರಲ್ಲಿ ಸಿಸ್ಟೋಕಾರ್ಪ್ ಸಿಗುವುದು ಬಹಳ ಅಪರೂಪ. ಅಂದರೆ ನಂಬಬಹುದಾದ ಸಾಕ್ಷಿಯೇ ಕೈಗೆ ಸಿಗುವುದಿಲ್ಲ. ಉಳಿಯುವುದು ರೂಪ. ಅದಂತೂ ನೀರು, ಬೆಳಕು, ಅಲೆಗೆ ತಕ್ಕಂತೆ ಬದಲಾಗುತ್ತದೆ. ಕಪ್ಪಾಫೈಕಸ್ ಅಲ್ವರೆಝಿಯಿ, ಕಪ್ಪಾಫೈಕಸ್ ಸ್ಟ್ರಯೇಟಸ್ ಎರಡನ್ನೂ ಬರಿಗಣ್ಣಿನಿಂದ ಬೇರೆ ಮಾಡುವುದು ಅನುಭವಿಗಳಿಗೂ ಕಷ್ಟ. 1988ರಲ್ಲಿ ಮ್ಯಾಕ್ಸ್‌ವೆಲ್ ಡೋಟಿ ಈ ಕುಲವನ್ನು ಯೂಕ್ಯೂಮಾದಿಂದ ಬೇರ್ಪಡಿಸಿದರು. ವ್ಯಾಪಾರಿಗಳು ಮಾತ್ರ ಇಂದಿಗೂ ಹಳೆಯ ಹೆಸರಿನ ಬಾಲ ಹಿಡಿದು ಕಾಟನೈ ಎಂದೇ ಮಾರುತ್ತಾರೆ. ಯೂಕ್ಯೂಮಾ ಕೊಡುವ ಕ್ಯಾರಗೀನನ್ ಮೆತ್ತಗೆ, ಕಪ್ಪಾಫೈಕಸ್‌ನದು ಗಟ್ಟಿ. ಅದಲುಬದಲಾದರೆ ಬೆಳೆಗಾರನಿಗೆ ಸಿಗುವ ದರವೇ ಬದಲಾಗುತ್ತದೆ. ಹಾಗಾಗಿ ಹೊರಗಿನಿಂದ ಬರುವ ಬೀಜದ ವಿಷಯದಲ್ಲಿ ಡಿಎನ್‌ಎ ಪರೀಕ್ಷೆ ಬಿಟ್ಟರೆ ಬೇರೆ ದಾರಿ ಇಲ್ಲ. ಆ ಪರೀಕ್ಷೆಯಲ್ಲಿ ಡಿಎನ್‌ಎ ಓಡಿಸುವ ಅಗರೋಸ್ ಜೆಲ್ಲನ್ನು ಅಗರ್‌ನಿಂದ ತೆಗೆಯುತ್ತಾರೆ, ಅದೂ ಕೆಂಪು ಪಾಚಿಯ ಕೊಡುಗೆಯೇ.

ಸಮುದ್ರದ ಕಡೆಯಿಂದಲೂ ಇದು ಚಿಕ್ಕ ವಿಷಯ ಅಲ್ಲ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಕಪ್ಪಾಫೈಕಸ್ ತೆಪ್ಪದಿಂದ ತಪ್ಪಿಸಿಕೊಂಡು ಹವಳದ ಮೇಲೆ ಹಬ್ಬಿದೆ ಎಂದು 2008ರಲ್ಲಿ ವರದಿಯಾಯಿತು. ಹವಾಯಿಯಲ್ಲಿ ಅದಕ್ಕಿಂತ ಮೊದಲೇ ಹೀಗಾಗಿತ್ತು. ನಮ್ಮಲ್ಲೂ ಮುರ್ಡೇಶ್ವರದ ಆಚೆ ನೇತ್ರಾಣಿಯ ಸುತ್ತ ಹವಳ ಇದೆ. ಜೂನ್ ಬಂದರೆ ಇಲ್ಲಿನ ಅಲೆಗೆ ಬಿದಿರಿನ ತೆಪ್ಪ ನಿಲ್ಲುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಸಿಹಿನೀರು ಸುರಿಯುವ ಕಡೆ ಈ ಗಿಡಕ್ಕೆ ಉಳಿಗಾಲವೂ ಇಲ್ಲ. ಮೇ ಮುಗಿಯುವುದರೊಳಗೆ ಎಲ್ಲವನ್ನೂ ಎತ್ತಬೇಕು. ಎತ್ತುವಾಗ ಕಳಚಿಬಿದ್ದ ತುಂಡು ಎಲ್ಲಿ ಅಂಟಿಕೊಂಡಿತು ಎಂದು ನೋಡಬೇಕಾದರೆ, ಬಂಡೆಯ ಮೇಲಿನ ಹೊಸ ಗಿಡ ಕಪ್ಪಾಫೈಕಸ್ಸೋ ಸ್ಥಳೀಯ ಪಾಚಿಯೋ ಎಂದು ಹೇಳಬಲ್ಲವರು ಊರಿನಲ್ಲೇ ಇರಬೇಕು.

ಅಂಥವರನ್ನು ತಯಾರು ಮಾಡುವ ಜಾಗ ನಮ್ಮಲ್ಲೇ ಇದೆ. ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಕಲಿಸುವ ಸ್ನಾತಕೋತ್ತರ ವಿಭಾಗ ಇದೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ತೆಪ್ಪಕ್ಕೆ ಹಣ ಇಡುವಾಗಲೇ ಗುರುತಿಸುವ ಕೆಲಸಕ್ಕೂ ಒಂದು ಪಾಲು ಇಡಬೇಕು. ಮಾಜಾಳಿಯಿಂದ ಭಟ್ಕಳದವರೆಗೆ, ಮಳೆಗಾಲವನ್ನೂ ಸೇರಿಸಿ, ತಿಂಗಳು ತಿಂಗಳು ಮಾದರಿ ತೆಗೆಯಬೇಕು. ಬೀಜಕ ಇರುವ ಗಿಡವನ್ನೇ ಆರಿಸಿ ಹಾಳೆಗೆ ಒತ್ತಿ ಒಣಗಿಸಬೇಕು. ಅದೇ ಗಿಡದ ಸಣ್ಣ ತುಂಡನ್ನು ಸಿಲಿಕಾ ಜೆಲ್‌ನಲ್ಲಿ ಡಿಎನ್‌ಎಗೆ ಎತ್ತಿಡಬೇಕು. ಹಾಳೆಯೂ ತುಂಡೂ ಒಂದೇ ಸಂಖ್ಯೆಯಲ್ಲಿ ಇರಬೇಕು. ಈ ಜೋಡಿ ಇಲ್ಲದಿದ್ದರೆ ಡಿಎನ್‌ಎ ಭಂಡಾರದಲ್ಲಿ ತಪ್ಪು ಹೆಸರಿನ ಕೆಳಗೆ ಸರಿಯಾದ ಅನುಕ್ರಮ ಕೂತುಬಿಡುತ್ತದೆ, ಮುಂದೆ ಯಾರೂ ತಿದ್ದಲು ಆಗುವುದಿಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ ಅಗಾರ್ಡ್‌ ತಂದೆ-ಮಗ 19ನೇ ಶತಮಾನದಲ್ಲಿ ಕೂಡಿಟ್ಟ ಹಾಳೆಗಳನ್ನು ಇಂದಿಗೂ ತೆಗೆದು ನೋಡಬಹುದು. ಗ್ರಾಸಿಲೇರಿಯಾ ಕಾರ್ಟಿಕೇಟಾಕ್ಕೆ ಹೆಸರಿಟ್ಟದ್ದು ಆ ಮಗ ಯಾಕೋಬ್. ನಮ್ಮ ಗಿಡದ ದಾಖಲೆ ನಮ್ಮೂರಲ್ಲೂ ಇರಬೇಕಲ್ಲವೇ?

ನೀಲಿಕಲ್ಲಿಗೆ ಹೋಗುವ ಹೆಂಗಸರಿಗೆ ಯಾವ ಬಂಡೆಯಲ್ಲಿ ಯಾವ ತಿಂಗಳು ಏನು ಬೆಳೆಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಈ ಸಮೀಕ್ಷೆಯಲ್ಲಿ ಅವರಿಗೂ ಕೂಲಿ ಕೊಟ್ಟು ಸೇರಿಸಿಕೊಳ್ಳಬೇಕು. ಬೀಜದ ಮೂಟೆ ಬಂದ ದಿನ ಮೀನುಗಾರರ ಸಂಘ ಮೂರು ವಿಷಯ ಕೇಳಲಿ. ಇದರ ಡಿಎನ್‌ಎ ನೋಡಿದವರು ಯಾರು? ಒಣಗಿಸಿದ ಮಾದರಿ ಯಾವ ಸಂಸ್ಥೆಯಲ್ಲಿ, ಯಾವ ಸಂಖ್ಯೆಯಲ್ಲಿ ಇದೆ? ಸಮುದ್ರಕ್ಕೆ ಇಳಿಸುವ ಮೊದಲು ಎಲ್ಲಿ, ಎಷ್ಟು ದಿನ ಪ್ರತ್ಯೇಕವಾಗಿ ಇಟ್ಟಿದ್ದರು? ಉತ್ತರ ಕಾಗದದ ಮೇಲೆ ಸಿಗುವವರೆಗೆ ಆ ಮೂಟೆಯನ್ನು ಬಿಚ್ಚಲು ಒಪ್ಪಬಾರದು.